ಅಭಿಮನ್ಯುವಿನ ಬೆನ್ನ ಹಿಂದೆ

ಮಳೆಗಾಲ ಮುಗಿದು ಗದ್ದೆಯ ನೆಲ ಗಟ್ಟಿಯಾಯಿತೆಂದರೆ ಮಂಗಳೂರಿನ ಸುತ್ತುಮುತ್ತ ಇರುಳಿಗೆ ಎರಡು ಸದ್ದುಗಳು ಸೇರಿಕೊಳ್ಳುತ್ತವೆ: ಒಂದು ಯಕ್ಷಗಾನದ ಚೆಂಡೆ, ಇನ್ನೊಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಧ್ವನಿವರ್ಧಕ. ಎರಡೂ ಕಡೆಗಳಲ್ಲಿ ಜನ ಕಾದಿರುವುದು ಒಬ್ಬನೇ ಹುಡುಗನಿಗಾಗಿ. ಅಲ್ಲಿ ಪುಂಡುವೇಷದ ಅಭಿಮನ್ಯು, ಇಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗುವ ಎಳೆಯ ದಾಳಿಗಾರ. ಹೀಗಿರುವಾಗ, ಪ್ರತಿಭಾವಂತನಾದ ತರುಣನೊಬ್ಬ ದೊರೆತರೆ ಇಡೀ ತಂಡವನ್ನು ಅವನ ಸುತ್ತಲೇ ಹೊಸದಾಗಿ ಕಟ್ಟಬೇಕೆ ಎಂಬ ಪ್ರಶ್ನೆ ಈ ಊರಿಗೆ ಹೊರಗಿನದಲ್ಲ. ಕಟ್ಟಬೇಕು ಎನ್ನುವವರೇ ಹೆಚ್ಚು. ಅವರ ಮಾತಿನಲ್ಲಿ ಹುರುಳಿಲ್ಲವೆಂದೂ ಹೇಳುವಂತಿಲ್ಲ.

ಬೆಂಗಳೂರು ಬುಲ್ಸ್ ತಂಡದ ಕತೆಯನ್ನೇ ನೋಡಬಹುದು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ಈ ತಂಡ ಮೊದಲ ಐದು ಆವೃತ್ತಿಗಳಲ್ಲಿ ಪ್ರಶಸ್ತಿಯ ಮುಖ ಕಾಣಲಿಲ್ಲ. ಆರನೆಯದರಲ್ಲಿ ದೆಹಲಿಯ ಪವನ್ ಸೆಹ್ರಾವತ್ ಎಂಬ ಇಪ್ಪತ್ತೆರಡರ ಯುವಕ ಈ ತಂಡಕ್ಕೆ ಮರಳಿ ಬಂದನು. 2019ರ ಜನವರಿ 5ರಂದು ಗುಜರಾತಿನ ವಿರುದ್ಧ ನಡೆದ ಅಂತಿಮ ಪಂದ್ಯವನ್ನು ಬುಲ್ಸ್ 38–33ರಿಂದ ಗೆದ್ದಾಗ, ಆ 38ರಲ್ಲಿ 22 ಅಂಕಗಳು ಇವನೊಬ್ಬನವೇ ಆಗಿದ್ದವು. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣದ ಮೇಲೆ ಒಂದೇ ಪಂದ್ಯದಲ್ಲಿ 39 ಅಂಕ ತಂದನು. ಇಂಥವನನ್ನು ಕಣ್ಣಾರೆ ಕಂಡ ಮೇಲೆ, ಉಳಿದ ಆರು ಮಂದಿ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಪ್ರೇಕ್ಷಕನಿಗೆ ಅನಿಸಿದರೆ ಅದು ಅವನ ತಪ್ಪಲ್ಲ.

ಆದರೆ ಕಬಡ್ಡಿಯ ನಿಯಮವೇ ಈ ಭ್ರಮೆಗೆ ಅಡ್ಡ ನಿಂತಿದೆ. ಕ್ರಿಕೆಟಿನಲ್ಲಿ ಔಟಾದವನು ಚಾವಡಿಯಲ್ಲಿ ಕುಳಿತರೆ ಮುಗಿಯಿತು, ಅಂದು ಅವನಿಗೆ ಬೇರೆ ಸರದಿ ಇಲ್ಲ. ಬಾಸ್ಕೆಟ್‌ಬಾಲಿನಲ್ಲಿ ದಣಿದವನನ್ನು ಹೊರಗೆ ಕೂರಿಸಿ, ಬೇಕೆಂದಾಗ ಮತ್ತೆ ಇಳಿಸಬಹುದು. ಕಬಡ್ಡಿ ಈ ಎರಡಕ್ಕೂ ಬೇರೆ. ದಾಳಿಗೆ ಹೋಗಿ ಸಿಕ್ಕಿಬಿದ್ದವನು ಅಂಕಣದ ಹೊರಗೆ ಕೂರಬೇಕು. ಅವನು ಮರಳಿ ಒಳಗೆ ಬರುವುದು ತನ್ನ ಬಲದಿಂದಲ್ಲ. ತಂಡದ ಇನ್ನೊಬ್ಬ ಎದುರಾಳಿಯನ್ನು ಔಟು ಮಾಡಿದರೆ ಅವನಿಗೆ ಜೀವ ಬರುತ್ತದೆ. ಬೋನಸ್ ಗೆರೆ ಮೆಟ್ಟಿ ತಂದ ಅಂಕಕ್ಕೂ ಆ ಶಕ್ತಿಯಿಲ್ಲ. ಹೀಗಾಗಿ ಕೋಟಿ ಬೆಲೆಯ ತಾರೆ, ತನಗಿಂತ ಹತ್ತರಲ್ಲೊಂದು ಪಾಲೂ ಹೆಸರಿಲ್ಲದ ಎರಡನೆಯ ದಾಳಿಗಾರನ ಒಂದು ಅಂಕಕ್ಕಾಗಿ, ಅಥವಾ ಮೂಲೆಯಲ್ಲಿ ನಿಂತವನ ಒಂದು ಪಾದ ಹಿಡಿತಕ್ಕಾಗಿ ಹೊರಗೆ ಕುಳಿತು ಬಾಯಿಬಿಡಬೇಕಾಗುತ್ತದೆ. ನಲವತ್ತು ನಿಮಿಷದ ಆಟದಲ್ಲಿ, ಮೂವತ್ತು ಸೆಕೆಂಡಿಗೊಂದರಂತೆ, ತಂಡವೊಂದಕ್ಕೆ ಸಿಕ್ಕುವುದು ಹೆಚ್ಚುಕಡಿಮೆ ನಲವತ್ತು ದಾಳಿಗಳು. ತಾರೆ ಹೊರಗೆ ಕುಳಿತ ಹೊತ್ತಿನಲ್ಲಿ ಅವುಗಳಲ್ಲಿ ಎಷ್ಟು ವ್ಯರ್ಥವಾದುವು ಎಂಬುದೇ ಎಷ್ಟೋ ಪಂದ್ಯಗಳ ನಿಜವಾದ ಲೆಕ್ಕ.

ಪವನನ ಮುಂದಿನ ವರ್ಷಗಳು ಈ ಲೆಕ್ಕವನ್ನೇ ಬಿಡಿಸಿ ತೋರಿಸುತ್ತವೆ. 2019ರ ಆವೃತ್ತಿಯಲ್ಲಿ ಅವನ ದಾಳಿಯ ಅಂಕಗಳು 346ಕ್ಕೆ ಏರಿದುವು; ಪ್ರಶಸ್ತಿ ತಂದ ವರ್ಷ ಇದ್ದುದು 271 ಮಾತ್ರ. ಅಂಕ ಏರಿತು, ತಂಡ ಮಾತ್ರ ಉಪಾಂತ್ಯದಲ್ಲಿ ನಿಂತಿತು. 2021–22ರಲ್ಲಿ ನಾಯಕತ್ವವೂ ಅವನ ಹೆಗಲಿಗೆ ಬಿತ್ತು. 304 ಅಂಕ ಗಳಿಸಿದನು. ತಂಡ ಮತ್ತೆ ಉಪಾಂತ್ಯದಲ್ಲೇ ಸೋತಿತು. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿ ತೆತ್ತು ಅವನನ್ನು ಕೊಂಡೊಯ್ದಿತು. ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆ ಆವೃತ್ತಿಯುದ್ದಕ್ಕೂ ಅವನು ಅಂಕಣಕ್ಕಿಳಿಯಲಿಲ್ಲ. ತಂಡದ ಗತಿ ಮುಗಿಯಿತೆಂದು ಎಲ್ಲರೂ ಬಗೆದರು. ಆದರೆ ಅದುವರೆಗೆ ಒಮ್ಮೆಯೂ ಮುಂದಿನ ಸುತ್ತು ಕಾಣದ ತಲೈವಾಸ್, ನರೇಂದರ್ ಎಂಬ ಹೊಸಬನ ದಾಳಿಯಿಂದಲೂ ಗಟ್ಟಿಯಾದ ಹಿಡಿತದಿಂದಲೂ ಉಪಾಂತ್ಯ ಮುಟ್ಟಿತು! ಇತ್ತ ಪವನನನ್ನು ಕಳೆದುಕೊಂಡ ಬೆಂಗಳೂರು ಕೂಡ ಭರತ್ ಎಂಬ ತರುಣನ ಬಲದಿಂದ ಅದೇ ಮೆಟ್ಟಿಲನ್ನು ತಲುಪಿತು. ಮರುವರ್ಷ ತೆಲುಗು ಟೈಟನ್ಸ್ ತನ್ನ ಐದು ಕೋಟಿಯ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು, ಎಂದರೆ 2.605 ಕೋಟಿಯನ್ನು, ಇವನೊಬ್ಬನಿಗೇ ಸುರಿಯಿತು. ಇವನು 202 ಅಂಕ ತಂದನು. ತಂಡ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ಪಟ್ಟಿಯ ತಳದಲ್ಲಿ ಕುಳಿತಿತು.

ಇಷ್ಟರಿಂದ ತಾರೆಯೇ ಬೇಡವೆಂದು ತೀರ್ಮಾನಿಸುವುದು ಅವಸರದ ಮಾತು. ಹರಿಯಾಣದ ಪ್ರದೀಪ್ ನರ್ವಾಲ್ 2015ರಲ್ಲಿ ಹದಿನೆಂಟರ ಹುಡುಗನಾಗಿ ಬೆಂಗಳೂರಿನಲ್ಲಿಯೇ ಇದ್ದನು. ಇಲ್ಲಿಯವರಿಗೆ ಅವನ ಬೆಲೆ ತಿಳಿಯಲಿಲ್ಲ. ಪಟನಾದವರಿಗೆ ತಿಳಿಯಿತು, 2016ರಲ್ಲಿ ಎರಡು, 2017ರಲ್ಲಿ ಒಂದು, ಹೀಗೆ ಸಾಲಾಗಿ ಮೂರು ಪ್ರಶಸ್ತಿಗಳು ಅವರ ಪಾಲಾದುವು. ಆದರೆ ಅದೇ ಪಟನಾ, 2019ರಲ್ಲಿ ಪ್ರದೀಪ 302 ಅಂಕ ತಂದರೂ ಮುಂದಿನ ಸುತ್ತಿಗೆ ಏರಲಿಲ್ಲ. ಅವನನ್ನು ಬಿಟ್ಟುಕೊಟ್ಟ ಮೇಲೆ, 2021–22ರಲ್ಲಿ, ಹಿಡಿತಗಾರರ ಬಲದ ಮೇಲೆ ಅಂತಿಮ ಪಂದ್ಯಕ್ಕೆ ಬಂದು ಒಂದೇ ಒಂದು ಅಂಕದಿಂದ ಸೋತಿತು. ಬುಲ್ಸ್ 2024ರಲ್ಲಿ ಪ್ರದೀಪನನ್ನು ಕರೆತಂದು ನಾಯಕನನ್ನಾಗಿ ಮಾಡಿದಾಗ ಅವನ ಮಧ್ಯಾಹ್ನ ಇಳಿದಿತ್ತು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ ಬಂತು.

ಮಂಗಳೂರಿನವರಿಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. ಸುರತ್ಕಲ್ಲಿನ ಎನ್.ಐ.ಟಿ.ಕೆ. ಆವರಣದಲ್ಲಿ ಬೆಳೆದ ಕೆ. ಎಲ್. ರಾಹುಲನನ್ನು ಬೆಂಗಳೂರಿನ ಐ.ಪಿ.ಎಲ್. ತಂಡ ಬಿಟ್ಟುಕೊಟ್ಟಿತು, 2018ರಲ್ಲಿ ಪಂಜಾಬಿನವರು 11 ಕೋಟಿಗೆ ಕೊಂಡರು. ನಾಲ್ಕು ವರ್ಷಗಳಲ್ಲಿ ಅವನು ಅವರಿಗೆ ಕ್ರಮವಾಗಿ 659, 593, 670, 626 ಓಟಗಳನ್ನು ಕೂಡಿಸಿಕೊಟ್ಟನು. ಆ ನಾಲ್ಕೂ ವರ್ಷ ಪಂಜಾಬ್ ಮೊದಲ ನಾಲ್ಕರೊಳಗೆ ಬರಲಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 2018ರಲ್ಲಿ ಹೊಣೆ ಹಗುರವಾಗಿದ್ದಾಗ ಅವನು ನೂರು ಎಸೆತಕ್ಕೆ 158ರಂತೆ ಹೊಡೆದನು. 2020ರಲ್ಲಿ ನಾಯಕನಾದ ಮೇಲೆ ಅದು 129ಕ್ಕೆ ಇಳಿಯಿತು. ನಿಧಾನವಾಗಿ ಆಡುತ್ತಾನೆಂದು ಪತ್ರಿಕೆಗಳೂ ಪ್ರೇಕ್ಷಕರೂ ಜರೆದರು. ತಾನು ಹೋದರೆ ಮುಂದೆ ಯಾರು ಎಂಬ ಅಳುಕನ್ನು ತಲೆಯ ಮೇಲೆ ಹೊತ್ತವನು ಬೇರೆ ಹೇಗೆ ಆಡಿಯಾನು? ಹುಡುಗನ ಚೆಲುವಾದ ಹೊಡೆತಕ್ಕೆ ಮರುಳಾಗಿ ಕೊಂಡವರೇ ಅವನ ತಲೆಯ ಮೇಲೆ ಭಾರ ಹೇರಿ, ಆ ಚೆಲುವನ್ನು ಅಡವಿಡುವಂತೆ ಮಾಡಿದರು.

ಹೊರದೇಶದ ಮಾತಾದರೂ ಬೇರೆಯಲ್ಲ. ಬಾಸ್ಕೆಟ್‌ಬಾಲಿನಲ್ಲಿ ಆಡುವವರು ಐವರೇ ಆದ್ದರಿಂದ ಒಬ್ಬನ ತೂಕ ಸಹಜವಾಗಿಯೇ ಹೆಚ್ಚು. ಆದರೂ ಅಮೆರಿಕೆಯ ಶಿಕಾಗೋ ತಂಡಕ್ಕೆ ಮೈಕೆಲ್ ಜೋರ್ಡನ್ ಸೇರಿದ್ದು 1984ರಲ್ಲಿ. ಮೊದಲ ಪ್ರಶಸ್ತಿ ಬಂದುದು 1991ರಲ್ಲಿ. ಆ ಏಳು ವರ್ಷಗಳಲ್ಲಿ ಜೋರ್ಡನನಿಗೆ ಅಂಕದ ಬರವಿರಲಿಲ್ಲ. 1987ರಲ್ಲಿ ಬಂದ ಸ್ಕಾಟಿ ಪಿಪ್ಪೆನ್ ಮುಂತಾದವರು ಬಲಿತು ಅವನ ಪಕ್ಕದಲ್ಲಿ ನಿಲ್ಲುವಂತಾಗಲು ಅಷ್ಟು ಕಾಲ ಹಿಡಿಯಿತು.

ಚಕ್ರವ್ಯೂಹದ ಪ್ರಸಂಗವನ್ನು ಇರುಳೆಲ್ಲ ಕುಳಿತು ನೋಡಿದ ಕರಾವಳಿಯ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಅರ್ಜುನ ದೂರವಿದ್ದ ದಿನ ಪಾಂಡವರು ತಮ್ಮ ಯುದ್ಧವನ್ನೆಲ್ಲ ಹದಿನಾರರ ಹುಡುಗನ ಸುತ್ತ ಹೂಡಿದರು. ಹುಡುಗ ಸೋಲಲಿಲ್ಲ, ಹೇಳಿದಂತೆ ಒಳಹೊಕ್ಕನು. ಬೆನ್ನ ಹಿಂದೆಯೇ ಬರುವೆವೆಂದ ದೊಡ್ಡಪ್ಪ ಚಿಕ್ಕಪ್ಪಂದಿರನ್ನು ಸೈಂಧವ ಬಾಗಿಲಲ್ಲೇ ತಡೆದನು. ಅಳುವವರು ಅಭಿಮನ್ಯುವಿಗಾಗಿ ಅಳುತ್ತಾರೆ. ಸೈಂಧವನನ್ನು ಭೇದಿಸಬಲ್ಲ ಎರಡನೆಯವನನ್ನು ಏಕೆ ಸಿದ್ಧಪಡಿಸಲಿಲ್ಲವೆಂದು ಧರ್ಮರಾಯನನ್ನು ಕೇಳುವವರು ಕಡಿಮೆ.

ಈ ಪ್ರಶ್ನೆ ಕೋಟಿಯ ತಂಡಗಳಿಗಿಂತ ಶಾಲೆ ಕಾಲೇಜುಗಳ ತಂಡಗಳಿಗೆ ಹೆಚ್ಚು ಸಲ್ಲತಕ್ಕದ್ದು. ಕಾರ್ಕಳ ತಾಲೂಕಿನ ಹೆರ್ಮುಂಡೆಯಂಥ ಹಳ್ಳಿಯಿಂದ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗುವವರೆಗೆ ಏರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ನಾಡಿದು. ಇಲ್ಲಿ ಹುಡುಗ ಹುಡುಗಿಯರಿಗೆ ಬರವಿಲ್ಲ. ಆದರೆ ಚುರುಕಾದವನೊಬ್ಬ ಸಿಕ್ಕಿದೊಡನೆ ತರಬೇತುದಾರರು ಪ್ರತಿ ದಾಳಿಯನ್ನೂ ಅವನಿಗೇ ಒಪ್ಪಿಸುತ್ತಾರೆ. ಉಳಿದ ಆರು ಮಂದಿ ಅಂಕಣದೊಳಗಿದ್ದೂ ಪ್ರೇಕ್ಷಕರಾಗುತ್ತಾರೆ. ಕಪ್ಪು ಬರುತ್ತದೆ, ಭಾವಚಿತ್ರ ಅಚ್ಚಾಗುತ್ತದೆ. ಮೂರನೆಯ ವರ್ಷ ಆ ಹುಡುಗ ಪದವಿ ಮುಗಿಸಿ ಪೋಲೀಸಿಗೋ ಬ್ಯಾಂಕಿಗೋ ಹೋದಾಗ, ದಾಳಿಗೆ ಯಾರು ಎಂದು ಕೇಳಿದರೆ ಆರು ಮಂದಿಯೂ ನೆಲ ನೋಡುತ್ತಾರೆ. ಅಷ್ಟರೊಳಗೆ ಆ ಹುಡುಗನ ಮೊಣಕಾಲೂ ಉಳಿದಿದ್ದರೆ ಅದು ಅವನ ಹಿರಿಯರ ಪುಣ್ಯ.

ಎಳೆಯ ತಾರೆಯ ಸುತ್ತ ತಂಡ ಕಟ್ಟಲಿ. ಆದರೆ ಕಟ್ಟುವ ಕೆಲಸ ಎರಡನೆಯವನಿಂದ ತೊಡಗಲಿ. ಹತ್ತು ದಾಳಿಗಳಲ್ಲಿ ನಾಲ್ಕನ್ನಾದರೂ ಬೇರೆಯವರಿಗೆ ಕೊಟ್ಟು, ಅವರು ಸಿಕ್ಕಿಬಿದ್ದಾಗ ಗದರದೆ ಇರುವ ತಾಳ್ಮೆ ತರಬೇತುದಾರನಿಗೆ ಬರಲಿ. ನಾಯಕತ್ವವನ್ನು ಮೂಲೆಯ ಹಿಡಿತಗಾರನಿಗೆ ಕೊಟ್ಟು, ಹುಡುಗನನ್ನು ಇನ್ನೆರಡು ವರ್ಷ ಹಗುರವಾಗಿ ಆಡಗೊಟ್ಟರೆ ನಷ್ಟವೇನೂ ಇಲ್ಲ.

ನಮ್ಮ ಪಂದ್ಯಾಟಗಳ ಕೊನೆಗೆ ಬಹುಮಾನಗಳನ್ನು ಸಾರುವುದುಂಟು: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ. ಬೆಳಗಿನ ಜಾವದ ಆ ಚಪ್ಪಾಳೆಯ ನಡುವೆ, ತಾರೆ ಹೊರಗೆ ಕುಳಿತಿದ್ದಾಗ ಸದ್ದಿಲ್ಲದೆ ಹೋಗಿ ಒಬ್ಬನನ್ನು ಮುಟ್ಟಿ ಬಂದು ಅವನಿಗೆ ಜೀವ ಕೊಟ್ಟ ಹುಡುಗ, ತನ್ನ ಚೀಲಕ್ಕೆ ಅಂಗಿ ತುರುಕಿಕೊಂಡು ಮೊದಲ ಬಸ್ಸಿಗೆ ಹೊರಟಿರುತ್ತಾನೆ. ಮುಂದಿನ ಪಂದ್ಯಾಟದ ವ್ಯವಸ್ಥಾಪಕರು ಅವನಿಗೂ ಒಂದು ಸಣ್ಣ ತಟ್ಟೆ ತೆಗೆದಿರಿಸಲು ಹೆಚ್ಚಿನ ಖರ್ಚೇನೂ ಬೀಳದು.