ತುಕ್ಕು ಹಿಡಿಯದಿದ್ದರೆ ಬಾಳಿಕೆ ಬಂದಂತೆಯೇ?



‘ಉಕ್ಕಿನ ಸೈಕಲ್ಲು ಭಾರ, ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಕೊಂಡರೆ ಜೀವಮಾನವಿಡೀ ಚಿಂತೆಯಿಲ್ಲ’ ಎಂಬ ಮಾತು ಅಂಗಡಿಗಳಲ್ಲಷ್ಟೇ ಅಲ್ಲ, ನಮ್ಮ ಮನೆಗಳಲ್ಲಿಯೂ ವೇದವಾಕ್ಯವಾಗಿಬಿಟ್ಟಿದೆ. ಮೊಮ್ಮಕ್ಕಳಿಗೆ ಹೊಸದು ಬಂದ ದಿನವೇ ಹಿತ್ತಿಲಿನ ಹಳೆಯ ಸೈಕಲ್ಲು ಗುಜರಿಯ ಪಾಲಾಗುತ್ತದೆ. ಈ ವಾದವನ್ನು ನಾನು ಒಪ್ಪಲಾರೆ.

ಲೋಹಕ್ಕೆ ಇಬ್ಬರು ಶತ್ರುಗಳು. ತುಕ್ಕು ಕಣ್ಣಿಗೆ ಕಾಣುವ ಶತ್ರು. ದಣಿವು ಕಾಣದ ಶತ್ರು. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ತಟ್ಟನೆ ಮುರಿಯುವುದನ್ನು ನೀವೆಲ್ಲರೂ ಬಲ್ಲಿರಿ. 19ನೆಯ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ ಈ ದಣಿವಿನ ನಿಯಮವನ್ನು ಶೋಧಿಸಿದನು. ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆಯ ಒತ್ತಡವನ್ನು ಎಷ್ಟು ಲಕ್ಷ ಸಲ ಹೇರಿದರೂ ಅದು ದಣಿದು ಮುರಿಯದು. ಅಲ್ಯೂಮಿನಿಯಂಗೆ ಅಂತಹ ಸ್ಪಷ್ಟ ಮಿತಿಯಿಲ್ಲ. ಹಳ್ಳಕೊಳ್ಳಗಳ ಒಂದೊಂದು ಕುಲುಕೂ ಅದರ ಆಯುಷ್ಯದ ಲೆಕ್ಕದಲ್ಲಿ ಜಮೆಯಾಗುತ್ತದೆ.

ಪ್ರತಿವಾದಿಗಳ ಮಾತಿನಲ್ಲಿಯೂ ಹುರುಳಿದೆ. ಕೊಳವೆಗಳನ್ನು ದಪ್ಪವಾಗಿ ಮಾಡಿ ಒತ್ತಡವನ್ನು ತಗ್ಗಿಸಿದರೆ ಅಲ್ಯೂಮಿನಿಯಂ ಕೂಡ ದೀರ್ಘಕಾಲ ಬಾಳುತ್ತದೆ. 1997ರಲ್ಲಿ ಜರ್ಮನಿಯ ‘ಟೂರ್’ ಪತ್ರಿಕೆ ಹಲವು ಚೌಕಟ್ಟುಗಳನ್ನು ಯಂತ್ರಕ್ಕೆ ಕಟ್ಟಿ ಪರೀಕ್ಷಿಸಿದಾಗ ಕೊನೆಯವರೆಗೂ ತಾಳಿದವು ಅಲ್ಯೂಮಿನಿಯಂ ಮತ್ತು ಕಾರ್ಬನ್ ನಾರಿನವು, ಉಕ್ಕಿನವು ಮುರಿದಿದ್ದವು. ಆದರೆ ಅವು ರೇಸಿಗೆಂದು ತೆಳುವಾಗಿ ಎಳೆದ ಕೊಳವೆಗಳು, ನಮ್ಮೂರಿನ ಹಾಲಿನವನ ಸೈಕಲ್ಲಲ್ಲ. ಅದಕ್ಕಿಂತ ಮುಖ್ಯವಾಗಿ, ಮುರಿದ ಮೇಲೆ ಏನು ಎಂಬ ಪ್ರಶ್ನೆಯನ್ನು ಯಂತ್ರ ಕೇಳುವುದಿಲ್ಲ.

ಆ ಪ್ರಶ್ನೆಯಲ್ಲಿಯೇ ನನ್ನ ವಾದವೆಲ್ಲ ಅಡಗಿದೆ. ಬಿರುಕುಬಿಟ್ಟ ಉಕ್ಕಿನ ಕೊಳವೆಗೆ ಯಾವ ಸಣ್ಣ ಪಟ್ಟಣದಲ್ಲಾದರೂ ಹಿತ್ತಾಳೆಯ ಬೆಸುಗೆ ಹಾಕುವವರು ಸಿಗುತ್ತಾರೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉಕ್ಕಿನಂತೆ ಕೆಂಪಾಗಿ ಎಚ್ಚರಿಸದೆಯೇ ಕರಗುತ್ತದೆ. ಬೆಸುಗೆಯ ಶಾಖ ತಗಲಿದ ಭಾಗ ಬಲಗುಂದುತ್ತದೆ, ಅದನ್ನು ಮರಳಿ ಗಟ್ಟಿಗೊಳಿಸಲು ಕುಲುಮೆಯ ವಿಶೇಷ ಉಪಚಾರ ಬೇಕು. ಕಾರ್ಬನ್ ನಾರಿಗೆ ತುಕ್ಕಿಲ್ಲ, ನಿಜ. ಆದರೆ ಕಲ್ಲಿನ ಪೆಟ್ಟು ಬಿದ್ದರೆ ಮೇಲ್ಮೈ ನುಣುಪಾಗಿಯೇ ಇದ್ದು ಒಳಪದರಗಳು ಬಿಟ್ಟುಕೊಂಡಿರಬಹುದು. ಟೈಟಾನಿಯಂ ತುಕ್ಕನ್ನೂ ದಣಿವನ್ನೂ ಗೆದ್ದದ್ದು. ಆದರೆ ಬೆಲೆ ಬಲು ದುಬಾರಿ, ಅದರ ಬೆಸುಗೆಗೆ ಆರ್ಗಾನ್ ಅನಿಲದ ರಕ್ಷಣೆ ಅನಿವಾರ್ಯ.

ಇದು ಬರಿಯ ಲೋಹಶಾಸ್ತ್ರದ ಚರ್ಚೆಯಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡತೊಡಗಿದಾಗ ಉಕ್ಕಿನದನ್ನೇ ಕೊಟ್ಟದ್ದು ಸರಿಯಾಗಿಯೇ ಇತ್ತು. ದೂರದ ಹಳ್ಳಿಯಿಂದ ಪ್ರೌಢಶಾಲೆಗೆ ಬರುವ ಹುಡುಗಿಯ ಸೈಕಲ್ಲು ಮುರಿದರೆ ಸಂತೆಯ ದಿನ ರಿಪೇರಿಯಾಗಬೇಕು. ಇಲ್ಲವಾದರೆ ಮುರಿಯುವುದು ಚೌಕಟ್ಟಷ್ಟೇ ಅಲ್ಲ, ಅವಳ ಓದು ಕೂಡ.

ಆದ್ದರಿಂದ ಹಳೆಯದನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ಯೋಚಿಸಿರಿ. ಮಳೆಗಾಲ ಕಳೆದ ಮೇಲೆ ಸೀಟನ್ನು ಕಳಚಿ, ಸೈಕಲ್ಲನ್ನು ತಲೆಕೆಳಗು ಮಾಡಿ ಒಳಗಿನ ನೀರನ್ನು ಬಸಿಯಿರಿ; ಒಣಗಿದ ಬಳಿಕ ಕೊಳವೆಯೊಳಗೆ ತುಸು ಎಣ್ಣೆ ಬಿಟ್ಟು ಎಲ್ಲೆಡೆ ಹರಿದಾಡಿಸಿರಿ; ಬಣ್ಣ ಎದ್ದುಹೋದಲ್ಲಿ ಕೂಡಲೇ ಬಳಿಯಿರಿ. ಅರ್ಧ ದಿನದ ಕೆಲಸವಿದು. ಮೊಮ್ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ.