ನಿಂತೊಡನೆ ನಡುಗುವ ಕಾರು

ನಮ್ಮ ಕಾರು ಕದ್ರಿ ಗುಡ್ಡವನ್ನು ಸುಖವಾಗಿ ಏರುವುದು. ಬಂಟ್ಸ್ ಹಾಸ್ಟೆಲಿನ ಬಳಿ ನಿಂತೊಡನೆ ನಡುಗುವುದು. ನಾಲ್ಕು ಪ್ಲಗ್ಗು, ನಾಲ್ಕು ಕಾಯಿಲುಗಳನ್ನೂ ಬದಲಿಸಬೇಕೆಂದು ಒಬ್ಬರು ಹೇಳಿದರು. ನನಗಾದರೋ ತರ್ಕಶಾಸ್ತ್ರದ ಅನ್ವಯ-ವ್ಯತಿರೇಕಗಳು ನೆನಪಾದವು. ಕಿಡಿಯು ದುರ್ಬಲವಾಗಿದ್ದರೆ ಏರಿನಲ್ಲಿಯೇ ಹೆಚ್ಚು ತೊಡಕಾಗಬೇಕಷ್ಟೆ? ನಿಂತಾಗ ಮಾತ್ರ ತೋರುವ ದೋಷಕ್ಕೆ ಗಾಳಿಯ ಸೋರಿಕೆಯನ್ನು ಮೊದಲು ಶಂಕಿಸತಕ್ಕದ್ದು. ಹಂಡೆಯ ಗಂಜಿಗೆ ಒಂದು ಸೌಟು ನೀರು ಬಿದ್ದರೆ ತಿಳಿಯದು. ಬಟ್ಟಲಿನ ಗಂಜಿಯಾದರೆ ಕೆಡುವುದು. ಅಂತೆಯೇ, ನಿಂತ ಕಾರಿನ ಎಂಜಿನ್ನು ಅಲ್ಪ ಗಾಳಿಯನ್ನೇ ಸೇವಿಸುವುದರಿಂದ, ಬಿರುಕಿನಲ್ಲಿ ನುಗ್ಗುವ ಗಾಳಿ ಪೆಟ್ರೋಲಿನ ಹದವನ್ನು ಕೆಡಿಸುವುದು. ಮೆಕ್ಯಾನಿಕನು ರಬ್ಬರು ನಳಿಕೆಗಳನ್ನು ಒಂದೊಂದಾಗಿ ಅದುಮಿದನು; ಒಂದನ್ನು ಅದುಮಿದಾಗ ನಡುಕ ನಿಂತಿತು. ಹೊಸ ನಳಿಕೆಯೊಂದರಿಂದ ಕೆಲಸ ಮುಗಿಯಿತು.

ವಾಚಕ ಮಹಾಶಯರೇ, ಎಂಜಿನ್ನಿನ ದೀಪ ಮಿಟುಕುತ್ತಿದ್ದರೆ ಮಾತ್ರ ಕಾರನ್ನು ಓಡಿಸಲಾಗದು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುವುದು. ಉಳಿದಂತೆ, ಹಣ ತೆರುವ ಮುನ್ನ ಕಾರಣವನ್ನು ಅರಿಯತಕ್ಕದ್ದು.