ಪೋಸ್ಟರ್ ನೋಡಿ ಮರುಳಾಗಬೇಡಿ!

‘ತಂಗಿ ಓದಿಗೆ, ನನ್ನ ಸಿನಿಮಾಕ್ಕೆ ಒಂದೇ ಕಂಪ್ಯೂಟರ್ ಬೇಕು. ಕೂಡಿಟ್ಟ ದುಡ್ಡು ಕಮ್ಮಿ’ ಅಂತ ತಿಪಟೂರಿನ ಅಭಿಮಾನಿಯೊಬ್ಬರ ಪತ್ರ.

ಬೆಂಗಳೂರಿನ ಎಸ್.ಪಿ. ರೋಡಿಗೆ ಬನ್ನಿ ಸ್ವಾಮಿ! ಆಫೀಸುಗಳಿಂದ ರಿಟೈರಾದ ಸೆಕೆಂಡ್‌ಹ್ಯಾಂಡ್ ಮಾಲು ಸಾಲಾಗಿ ಕೂತಿರುತ್ತೆ. ಆದ್ರೆ ‘ಐ7’ ಸ್ಟಿಕರ್ ಕಂಡ ಕೂಡಲೇ ಶಿಳ್ಳೆ ಹೊಡೀಬೇಡಿ. ಎಷ್ಟನೇ ಜನರೇಷನ್ ಅಂತ ಕೇಳಿ. ಇಂಟೆಲ್ 8ಕ್ಕಿಂತ ಹಳೇದಾದ್ರೆ, ಒಂದೆರಡು ಬಿಟ್ಟು, ವಿಂಡೋಸ್ 11ರ ಪಟ್ಟಿಯಲ್ಲಿ ಜಾಗವಿಲ್ಲ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟಿಗೆ 2025ರ ಅಕ್ಟೋಬರ್ 14ರಂದೇ ‘ಶುಭಂ’ ಬಿತ್ತು! ಹೊಸ ಜನರೇಷನ್ನಿನ ಐ3 ಆದ್ರೂ ಪರವಾಗಿಲ್ಲ.

8 ಜಿಬಿ ರ‍್ಯಾಮ್ ಸಾಕು. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ಇದರಲ್ಲಿ ಮಾತ್ರ ಜಿಪುಣತನ ಬೇಡ. ದುಡ್ಡು ಎಣಿಸೋಕೆ ಮುಂಚೆ ಅಂಗಡಿಯಲ್ಲೇ ಒಂದು ಹಾಡು ಪೂರ್ತಿ ಹಾಕಿಸಿ ನೋಡಿ. ನಡುವೆ ಇಂಟರ್‌ವಲ್ ಬಂತೋ, ಎದ್ದು ಬನ್ನಿ!